ಅಂದು ಕಂಡದ್ದು ಮಾತ್ರ

ಟಿಶ್ಯೂ ಕಾಗದದ ಎಳೆ ಗ್ಯಾಸ್ ಗೀಸರಿನ ನೆತ್ತಿಯ ಕಡೆಗೆ ಬಾಗಿತು. ಹೊಗೆ ಪೈಪಿನ ಬಾಯಿ ಅದನ್ನು ಮೆಲ್ಲಗೆ ಒಳಕ್ಕೆ ಸೆಳೆಯುತ್ತಿತ್ತು.

“ನೋಡಿ, ಎಳೀತಿದೆ,” ಎಂದ ಪರೀಕ್ಷಕ. “ನಾನು ನೋಡಿದ ದಿನಾನೂ ಹೀಗೇ ಎಳೀತಿತ್ತು.”

 

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತಿದ್ದ ಲ್ಯಾಬ್ ಮೇಡಂ ಕಾಗದವನ್ನೇ ನೋಡುತ್ತಿದ್ದರು. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅರ್ಧ ಆಯಸ್ಸು ಕಳೆದು, ಈಗ ಪತ್ತೇದಾರಿಕೆ ಮಾಡುವ ಅವರನ್ನು ಜನ ಇನ್ನೂ ಕರೆಯುವುದು ಹಾಗೆಯೇ. ಒಂದೇ ಪ್ರಯೋಗ ಎರಡು ಸಲ ಒಂದೇ ಉತ್ತರ ಕೊಟ್ಟರೆ ಸಾಲದು, ಬೇರೆ ಉತ್ತರ ಯಾವಾಗ ಕೊಡುತ್ತದೆ ಎಂದು ತಿಳಿಯಬೇಕು ಎಂಬುದು ಅವರ ಹಳೆಯ ಪಾಠ.

ಇದೇ ಬಾತ್‌ರೂಮಿನ ಬಾಗಿಲು ಒಡೆದು ಈ ಮನೆಯ ಯಜಮಾನಿಯ ತಂಗಿಯ ಹೆಣವನ್ನು ಹೊರತೆಗೆದು ತಿಂಗಳಾಗುತ್ತ ಬಂದಿತ್ತು. ಗೀಸರಿನ ವಿಷಗಾಳಿ ಎಂದು ಪೊಲೀಸರು ಕೈತೊಳೆದುಕೊಂಡರು. ನನ್ನ ಮಗಳನ್ನು ಕೊಂದವರು ಯಾರು ಹೇಳಿ ಎಂದು ತಾಯಿ ಲ್ಯಾಬ್ ಮೇಡಂ ಮನೆಗೆ ಬಂದಿದ್ದಳು.

ಸದ್ಯಕ್ಕೆ ಎಲ್ಲರ ಬೆರಳೂ ಪರೀಕ್ಷಕನ ಕಡೆಗಿತ್ತು. ಮನೆ ಕೊಳ್ಳುವವರ ಪರವಾಗಿ ಮನೆಯನ್ನು ಬುಡದಿಂದ ಸೂರಿನವರೆಗೆ ನೋಡಿ ವರದಿ ಕೊಡುವುದು ಅವನ ಕಸುಬು. ಹಾಡುಹಗಲಲ್ಲೂ ಸಿಂಕಿನ ಕೆಳಗೆ ಬೆಳಕು ಬಿಟ್ಟುಕೊಂಡು ಮಲಗುವ ಅವನಿಗೆ ದಲ್ಲಾಳಿಗಳು ‘ಟಾರ್ಚ್’ ಎಂದು ಹೆಸರಿಟ್ಟಿದ್ದರು. ಟಾರ್ಚ್ ಕಾಲಿಟ್ಟರೆ ವ್ಯಾಪಾರ ಮುರೀತು ಅಂತಲೇ ಲೆಕ್ಕ ಎಂದು ಅವರು ಆಡಿಕೊಳ್ಳುತ್ತಿದ್ದರು. ಅಂಥವನೇ ಈ ಮನೆಯ ಗೀಸರ್ ಸರಿಯಾಗಿದೆ ಎಂದು ಬರೆದುಕೊಟ್ಟಿದ್ದ. ಇವತ್ತು ಮಧ್ಯಾಹ್ನ ತಾಯಿ ಇಲ್ಲಿಗೆ ಬಂದು, ಮೇಡಂ ಹೇಳಿದ್ದನ್ನು ಕೇಳಿಕೊಂಡು, ನೇರವಾಗಿ ಠಾಣೆಗೆ ಹೋಗಿ ದೂರು ಕೊಡುವವಳಿದ್ದಳು. ದೂರು ಬಿದ್ದರೆ ಲೈಸೆನ್ಸ್ ಹೋಗುತ್ತದೆ, ಜೈಲೂ ತಪ್ಪುವುದಿಲ್ಲ ಎಂದು ಅವನಿಗೆ ವಕೀಲರು ಹೇಳಿಯಾಗಿತ್ತು.

ಮುರಿದ ಚೌಕಟ್ಟಿಗೆ ಒರಗಿ ನಿಂತಿದ್ದ ಅಕ್ಕ, ಸತ್ತವಳ ಒಡಹುಟ್ಟಿದವಳು, ಈ ಮನೆಯ ಯಜಮಾನಿ, ಕೈಕಟ್ಟಿಕೊಂಡು ಕೇಳಿದಳು.

“ಕಾಗದದ ಆಟ ಮುಗೀತಾ?”

“ಇಲ್ಲ,” ಎಂದು ಮೇಡಂ ಎದ್ದರು.

ಅವರು ಟಾರ್ಚಿನಿಂದಲೇ ಟಾರ್ಚ್ ಇಸಿದುಕೊಂಡು ಗೀಸರಿನ ಮೇಲುಭಾಗಕ್ಕೆ ಬೆಳಕು ಬಿಟ್ಟರು. ನೀರಿನ ಪೈಪುಗಳು ಪೆಟ್ಟಿಗೆಯೊಳಗೆ ಇಳಿಯುವ ಕಡೆ ಎರಡು ಪ್ಲಾಸ್ಟಿಕ್ ಬಳೆಗಳಿದ್ದವು. ಗೋಡೆಯ ಕಡೆಗೆ ಅವು ದುಂಡಗೇ ಇದ್ದವು. ಹೊಗೆ ಪೈಪಿನ ಕಡೆಗೆ ಮಾತ್ರ ಕರಗಿ, ಜೋತು, ಹಾಗೇ ಗಟ್ಟಿಯಾಗಿದ್ದವು.

ಮೇಡಂ ತುಂಬ ಹೊತ್ತು ಅವನ್ನೇ ನೋಡಿದರು. ಮೇಲಕ್ಕೆ ಹೋಗಬೇಕಾದ ಬಿಸಿ ಹೊಗೆ ಪೈಪಿನೊಳಗೆ ಹೋಗದೆ ಹೊರಕ್ಕೆ ಚೆಲ್ಲಿದರೆ ಮಾತ್ರ ಹೀಗಾಗುತ್ತದೆ. ಚೆಲ್ಲಿದ ಹೊಗೆ ಈ ಪುಟ್ಟ ಕೋಣೆಯಲ್ಲದೆ ಬೇರೆಲ್ಲಿಗೆ ಹೋಗಬೇಕು?

“ನೀವು ನೋಡಿದ ದಿನ ಇದು ಹೇಗಿತ್ತು?”

ಅವನು ಫೋನಿನಲ್ಲಿ ಅಂದಿನ ಫೋಟೋ ಹುಡುಕಿ ತೋರಿಸಿದ. ಧೂಳು ಹಿಡಿದಿತ್ತು, ಆದರೆ ಎರಡು ಬಳೆಗಳೂ ದುಂಡಗಿದ್ದವು.

ಅಂದರೆ ಹೊಗೆ ಚೆಲ್ಲಿದ್ದು ಅವನು ನೋಡಿ ಹೋದ ಮೇಲೆ. ಪೈಪು ಹಾಳಾಗಿಲ್ಲ ಎಂಬುದಕ್ಕೆ ಈಗಷ್ಟೇ ಬಾಗಿದ ಕಾಗದವೇ ಸಾಕ್ಷಿ. ಗೀಸರ್ ಅದೇ, ಪೈಪ್ ಅದೇ. ಬದಲಾದದ್ದು ಏನು ಎಂದು ಮೇಡಂ ಅಕ್ಕನನ್ನು ಕೇಳಿದರು.

“ಏನು ಬದಲಾಗುತ್ತೆ? ಇವರು ಬರೆದುಕೊಟ್ಟಿದ್ದನ್ನೆಲ್ಲ ಮಾಡಿಸಿದ್ವಿ. ಅದೂ ತಪ್ಪಾ?”

ಮಾಡಿಸಿದ್ದನ್ನು ನೋಡಲು ಮೇಡಂ ಹೊರಟರು. ಮಲಗುವ ಕೋಣೆಯಲ್ಲಿ, ಹಾಲಿನಲ್ಲಿ, ಬಾತ್‌ರೂಮಿನ ಚಿಕ್ಕ ಕಿಟಕಿಯಲ್ಲಿ ಕೂಡ, ಚೌಕಟ್ಟಿನ ಸುತ್ತ ಹೊಸ ಕರಿ ರಬ್ಬರ್ ಪಟ್ಟಿ. ಕಿಟಕಿ ಸಂದುಗಳಲ್ಲಿ ಗಾಳಿ ನುಗ್ಗುತ್ತದೆ, ಮುಚ್ಚಿಸಿ ಎಂದು ವರದಿ ಹೇಳಿತ್ತು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಸುಟ್ಟುಹೋಗಿದೆ, ಬದಲಿಸಿ ಎಂದೂ ಹೇಳಿತ್ತು. ಅಲ್ಲೀಗ ಹಳೆಯದರ ಎರಡರಷ್ಟು ದೊಡ್ಡದೊಂದು ಫ್ಯಾನ್ ಗೋಡೆ ಕೊರೆಸಿಕೊಂಡು ಕುಳಿತಿತ್ತು. ಅಕ್ಕನ ಗಂಡ ಜನ್ಮದಲ್ಲಿ ಒಂದು ಬಲ್ಬ್ ಬದಲಿಸಿದವನಲ್ಲ. ಈ ಮನೆಯ ವಿಷಯದಲ್ಲಿ ಮಾತ್ರ ಒಂದೂ ಬಿಡದೆ ಮಾಡಿಸಿದ್ದ.

ಮೇಡಂ ಎಲ್ಲ ಕಿಟಕಿಗಳನ್ನೂ ಒಂದೊಂದಾಗಿ ಹಾಕಿದರು. ರಬ್ಬರ್ ಕಚ್ಚಿಕೊಂಡಾಗ ರಸ್ತೆಯ ಸದ್ದು ತಟ್ಟನೆ ನಿಂತಿತು. ಗೀಸರ್ ಉರಿಯುತ್ತಿತ್ತು. ಪರೀಕ್ಷಕ ಮತ್ತೆ ಕಾಗದ ಹಿಡಿದ. ಈ ಸಲ ಸೆಳೆತ ಸೋತಿತ್ತು, ಆದರೂ ಕಾಗದ ಒಳಕ್ಕೇ ಬಾಗಿತು.

“ಈಗ ಅಡುಗೆಮನೆ ಫ್ಯಾನ್ ಹಾಕಿ,” ಎಂದರು ಮೇಡಂ ಅಕ್ಕನ ಕಡೆ ತಿರುಗಿ.

ಅಕ್ಕ ಕದಲಲಿಲ್ಲ. ಅದರ ಶಬ್ದಕ್ಕೆ ತನಗೆ ತಲೆನೋವು ಬರುತ್ತದೆ ಎಂದಳು.

ಮೇಡಂ ತಾವೇ ಹೋಗಿ ಸ್ವಿಚ್ ಒತ್ತಿದರು. ಫ್ಯಾನ್ ಗುಡುಗುಟ್ಟಿತು. ಅವರು ವಾಪಸು ಬರುವಷ್ಟರಲ್ಲಿ ಕಾಗದದ ಎಳೆ ನಡುಗಿ, ನೆಟ್ಟಗಾಗಿ, ನಿಧಾನವಾಗಿ ಹೊರಕ್ಕೆ, ಅವರೆಲ್ಲರ ಮುಖದ ಕಡೆಗೆ ಬಾಗಿ ನಿಂತಿತ್ತು.

 ಸ್ವಲ್ಪ ಹೊತ್ತಿನಲ್ಲಿ ಮೇಡಂ ಕೈಯಲ್ಲಿದ್ದ, ವಿಷಗಾಳಿ ಅಳೆಯುವ ಪುಟ್ಟ ಯಂತ್ರ ಕಿರುಗುಟ್ಟಿತು. ಪರೀಕ್ಷಕ ಗ್ಯಾಸ್ ಮುಚ್ಚಿದ. ಮೇಡಂ ಫ್ಯಾನ್ ನಿಲ್ಲಿಸಿ ಎಲ್ಲರನ್ನೂ ಹಾಲಿಗೆ ನಡೆಸಿ ಕಿಟಕಿಗಳನ್ನು ತೆಗೆದರು.

ಅವರು ವಿವರಿಸಿದ್ದು ಪಾಠದ ಧಾಟಿಯಲ್ಲಿ. ಫ್ಯಾನ್ ಮನೆಯ ಗಾಳಿಯನ್ನು ಹೊರಗೆ ನೂಕುತ್ತದೆ. ಎಷ್ಟು ಹೊರಗೆ ಹೋಯಿತೋ ಅಷ್ಟು ಎಲ್ಲಿಂದಾದರೂ ಒಳಗೆ ಬರಲೇಬೇಕು. ಮೊದಲಾದರೆ ಕಿಟಕಿಯ ಸಂದುಗಳಿದ್ದವು. ಸಂದುಗಳೆಲ್ಲ ಮುಚ್ಚಿದ ಮೇಲೆ ಈ ಮನೆಗೆ ಉಳಿದ ತೆರೆದ ಬಾಯಿ ಒಂದೇ, ಗೀಸರಿನ ಹೊಗೆ ಪೈಪು. ಗಾಳಿ ಅದರೊಳಗಿಂದ ಇಳಿಯುತ್ತದೆ, ಹೊಗೆಯನ್ನು ಕೊರಳುಹಿಡಿದು ವಾಪಸು ತರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ಮಂಪರು, ಆಮೇಲೆ ಅದೂ ಇಲ್ಲ.

“ಒಂದೊಂದು ರಿಪೇರಿಯೂ ಸರಿ,” ಎಂದರು ಮೇಡಂ. “ಎಲ್ಲ ಸೇರಿ ಕೊಂದವು.”

ಪರೀಕ್ಷಕ ನೆಲ ನೋಡುತ್ತಿದ್ದ. ಮೇಡಂ ಅವನ ಎದುರಿನ ಕುರ್ಚಿಗೆ ಬಂದರು.

“ಇದು ನಿಮಗೆ ಗೊತ್ತಿತ್ತಾ?”

ಅವನು ತಲೆಯೆತ್ತಲಿಲ್ಲ. “ಗೊತ್ತಿತ್ತು.”

“ಯಾಕೆ ಬರೀಲಿಲ್ಲ?”

“ವರದಿಲಿ ಅಂದು ಕಂಡದ್ದು ಮಾತ್ರ ಬರೀಬೇಕು ಮೇಡಂ. ಅದೇ ನಮ್ಮ ನಿಯಮ. ಅವತ್ತು ಫ್ಯಾನ್ ಸತ್ತಿತ್ತು. ಇಲ್ಲದ ಫ್ಯಾನಿನ ಗಾಳಿ ಬಗ್ಗೆ ಹೇಗೆ ಬರೀಲಿ?”

ಅವನ ಕಹಿ ಅಲ್ಲಿಂದ ಕಟ್ಟೆಯೊಡೆಯಿತು. ತನ್ನಂಥ ಪರೀಕ್ಷಕರು ಬೀರು ಸರಿಸುವುದಿಲ್ಲ, ಗೋಡೆ ಒಡೆಯುವುದಿಲ್ಲ, ನೆಲಹಾಸು ಎತ್ತುವುದಿಲ್ಲ. ಅದರ ಹಿಂದೆ ಏನಿತ್ತೋ ಅದು ಕೊಂಡವರ ಪಾಲು. ನಲ್ಲಿಯನ್ನು ನಲ್ಲಿಯಂತೆ ನೋಡುತ್ತಾರೆ, ಕಿಟಕಿಯನ್ನು ಕಿಟಕಿಯಂತೆ. ಎಲ್ಲವೂ ಒಂದೇ ಸೂರಿನಡಿ ಒಂದರ ಉಸಿರು ಇನ್ನೊಂದು ಕುಡಿದು ಬದುಕುತ್ತವೆ ಎಂದು ಬರೆಯಲು ವರದಿಯಲ್ಲಿ ಜಾಗವೇ ಇಲ್ಲ. ಬಹಳ ಜನ ದಲ್ಲಾಳಿ ತೋರಿಸಿದ ಪರೀಕ್ಷಕನನ್ನೇ ಕರೆಸುತ್ತಾರೆ, ಮಾರುವವನ ಕಡೆಯವನು ಕೊಳ್ಳುವವನ ಕಣ್ಣಾಗುತ್ತಾನೆಂದು ನಂಬುತ್ತಾರೆ. ತನ್ನಂಥವನನ್ನು ಹುಡುಕಿ ಕರೆಸಿದವರೂ ಜೊತೆಗೆ ಬಂದು ನೋಡುವುದಿಲ್ಲ. ಬಂದವರೂ ಬಣ್ಣ ನೋಡುತ್ತಾರೆ. ವರದಿಯ ಕೊನೆಯ ಪುಟ ಮಾತ್ರ ಓದುತ್ತಾರೆ, ಅದೂ ಚೌಕಾಸಿಗೆ.

“ರಿಪೇರಿ ಆದ್ಮೇಲೆ ಒಂದ್ಸಲ ಕರೀರಿ, ಮತ್ತೆ ನೋಡ್ತೀನಿ ಅಂತ ಎಲ್ಲರಿಗೂ ಹೇಳ್ತೀನಿ. ಇಷ್ಟು ವರ್ಷದಲ್ಲಿ ಒಬ್ಬರೂ ಕರೆದಿಲ್ಲ. ಮನೆ ಕಟ್ಟಿ ನೋಡು ಅಂದ್ರು ಹಿರಿಯರು. ಕೊಂಡು ನೋಡು ಅಂತ ಯಾರೂ ಅನ್ನಲಿಲ್ಲ. ಅದಕ್ಕೇ ಏನೋ, ಕೊಳ್ಳೋರು ನೋಡೋದೇ ಇಲ್ಲ.”

“ಕೋಟೆ ಲೂಟಿ ಆದ್ಮೇಲೆ ಭಾಷಣ,” ಎಂದಳು ಅಕ್ಕ.

“ಬರೀಲಿಲ್ಲ. ಆದ್ರೆ ಹೇಳಿದ್ದೆ.” ಅವನು ಮೊದಲ ಸಲ ಅವಳ ಮುಖ ನೋಡಿದ. “ದೊಡ್ಡ ಫ್ಯಾನ್ ಹಾಕ್ಸೋದಾದ್ರೆ ಬಾತ್‌ರೂಮಿನ ಗೋಡೆಗೆ ಮೊದಲು ಗಾಳಿಕಿಂಡಿ ಕೊರೆಸಿ ಅಂತ ಬಾಯಲ್ಲಿ ಹೇಳಿದ್ದೆ. ಅಲ್ಲಿವರೆಗೂ ಗೀಸರ್ ಉರಿಯೋವಾಗ ಫ್ಯಾನ್ ಹಾಕ್ಬೇಡಿ ಅಂತಲೂ ಹೇಳಿದ್ದೆ.”

ಮೇಡಂ ಕಣ್ಣು ಕಿರಿದಾಯಿತು. ಹೇಳಿದ್ದು ಯಾರಿಗೆ ಎಂದು ಕೇಳಿದರು. ತಾನು ಅವತ್ತು ಆಫೀಸಿನಲ್ಲಿದ್ದೆ, ಬಂದಿದ್ದು ತನ್ನ ಗಂಡ ಎಂದು ಅಕ್ಕ ನಡುವೆ ಬಾಯಿ ಹಾಕಿದಳು.

“ಅವರೂ ಬಂದಿದ್ರು,” ಎಂದ ಪರೀಕ್ಷಕ. “ಗೇಟಿನ ಹತ್ರ ಫೋನಲ್ಲಿ ಮಾತಾಡ್ತಾ ನಿಂತಿದ್ರು. ನನ್ನ ಜೊತೆ ಮನೆಯೆಲ್ಲ ತಿರುಗಿದ್ದು ಆ ಹುಡುಗಿ.”

ಆ ಹುಡುಗಿ ಎಂದರೆ ತಂಗಿ, ಈಗ ಇಲ್ಲದವಳು.

ಅವಳು ಏಣಿ ಹತ್ತಿ ಅಟ್ಟ ಇಣುಕಿದ್ದಳಂತೆ. ಟೈಲ್ಸಿನ ಮೇಲೆ ನಾಣ್ಯ ಬಡಿದು, ಪೊಳ್ಳು ಸದ್ದು ಬಂದ ಕಡೆಯೆಲ್ಲ ಇವನಿಗಿಂತ ಮೊದಲೇ ಸೀಮೆಸುಣ್ಣದ ಗುರುತು ಹಾಕಿದ್ದಳಂತೆ. ಗೀಸರಿನ ಹತ್ತಿರ ಕಾಗದದ ಎಳೆಯನ್ನು ತಾನೇ ಹಿಡಿದು, ಇದು ಉಲ್ಟಾ ಬಾಗೋದು ಯಾವಾಗ ಎಂದು ಕೇಳಿದ್ದಳಂತೆ.

“ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಹೇಳಿದೆ. ಭಾವನಿಗೆ ಹೇಳ್ತೀನಿ, ಫ್ಯಾನ್ ಹಾಕ್ಸೋದು ಅವರೇ ಅಂದ್ರು.”

 ಮೇಡಂ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಅವರ ತಲೆಯಲ್ಲಿ ಚೂರುಗಳು ತಾವಾಗಿ ಜೋಡಿಕೊಳ್ಳುತ್ತಿದ್ದವು. ಜೋಡಿಕೊಂಡು ಮೂಡಿದ ಚಿತ್ರ ಚೆನ್ನಾಗಿರಲಿಲ್ಲ.

ಈ ಗೀಸರ್ ಕೊಲ್ಲಬೇಕಾದರೆ ಫ್ಯಾನ್ ಓಡಲೇಬೇಕು. ಆದರೆ ತಂಗಿ ಸತ್ತ ದಿನ ತಾನು ಬಂದಾಗ ಫ್ಯಾನ್ ನಿಂತಿತ್ತು, ಬಾತ್‌ರೂಮಿನಲ್ಲಿ ನೀರು ಬೀಳುವ ಸದ್ದು ಬಿಟ್ಟರೆ ಮನೆ ನಿಶ್ಶಬ್ದವಾಗಿತ್ತು ಎಂದು ಅಕ್ಕ ಪೊಲೀಸರಿಗೂ ಮೇಡಂಗೂ ಹೇಳಿದ್ದಳು. ಅವತ್ತು ತಾಯಿ ಬಂದು ಅಡುಗೆ ಮಾಡಿಟ್ಟು ಹೋಗಿದ್ದು ನಿಜ. ಹೊರಡುವಾಗ ಬಾತ್‌ರೂಮಿನ ಬಾಗಿಲ ಹತ್ತಿರ ಹೋಗಿಬರ್ತೀನಿ ಎಂದು ಕೂಗಿದ್ದಳು, ಒಳಗಿಂದ ಮಗಳು ಹೂಂ ಅಂದಿದ್ದಳು. ಆಗ ಫ್ಯಾನ್ ಹಾಕಿದ್ದಿದ್ದರೂ ಹೋಗುವಾಗ ಆರಿಸಿಯೇ ಹೋಗಿರಬೇಕು. ಇಲ್ಲದಿದ್ದರೆ ಅದು ತಾನಾಗಿ ನಿಲ್ಲುವುದು ಹೇಗೆ?

ಹಾಗಾದರೆ ತಾಯಿ ಹೋದ ಮೇಲೆ ಒಂದು ಕೈ ಫ್ಯಾನ್ ಹಾಕಿದೆ. ಒಳಗೆ ಎಲ್ಲ ಮುಗಿದ ಮೇಲೆ ಅದೇ ಕೈ ಆರಿಸಿದೆ.

“ಇದು ಪರೀಕ್ಷಕರ ತಪ್ಪಲ್ಲ,” ಎಂದರು ಮೇಡಂ, ಕಿಟಕಿಯಿಂದ ತಿರುಗದೆಯೇ. “ಅಪಘಾತವೂ ಅಲ್ಲ.”

ಅವರು ಒಂದೊಂದೇ ಮಾತಾಗಿ ಅಕ್ಕನ ಮುಂದೆ ಇಟ್ಟರು. ಫ್ಯಾನ್ ಹಾಕಿಸಿದವನು ಅವಳ ಗಂಡ. ಅಪಾಯದ ವಿಷಯ ತಂಗಿ ಹೇಳಿದ್ದೂ ಅವನಿಗೇ. ಆದರೆ ತನಗೇನೂ ಗೊತ್ತಿರಲಿಲ್ಲ ಎಂದು ಅವನು ಪೊಲೀಸರ ಮುಂದೆ ಹೇಳಿದ್ದಾನೆ. ಮನೆಯ ಕೀಲಿ ಅವನ ಜೇಬಿನಲ್ಲಿತ್ತು. ಆ ಹೊತ್ತಿನಲ್ಲಿ ಅವನು ತನ್ನ ಅಂಗಡಿಯಲ್ಲಿರಲಿಲ್ಲ, ಎಲ್ಲಿದ್ದೆನೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮನೆ ಇರುವುದು ಇಬ್ಬರು ಅಕ್ಕತಂಗಿಯರ ಹೆಸರಿನಲ್ಲಿ, ತಂಗಿ ತನ್ನ ಪಾಲು ಬೇರೆ ಮಾಡಿಕೊಡಿ ಎಂದು ಕೇಳಿದ್ದಳು.

ಪರೀಕ್ಷಕನ ಮುಖದ ಮೇಲೆ ಒಂದು ಕ್ಷಣ ನಿರಾಳ ಹಾದುಹೋಯಿತು. ಅದು ಕಂಡುಬಿಟ್ಟಿತೇನೋ ಎಂಬಂತೆ ಅವನು ಕೈಯಿಂದ ಮುಖ ಒರೆಸಿಕೊಂಡ.

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಸೋಫಾದ ಅಂಚಿಗೆ ಕುಳಿತು ಬೆರಳಿನ ಉಂಗುರವನ್ನು ಸುತ್ತುತ್ತಿದ್ದಳು.

ಮೇಡಂ ಫೋನ್ ಕೈಗೆತ್ತಿಕೊಂಡರು. ತಾಯಿ ಬರುವ ಮುಂಚೆ ಪೊಲೀಸರಿಗೆ ಹೇಳುವುದು ಒಳ್ಳೆಯದು ಎಂದರು. ಮಗಳನ್ನು ಅಳಿಯನೇ ಕೊಂದ ಎಂದು ಆ ಹೆಂಗಸಿಗೆ ತಿಳಿಸುವಾಗ ಪಕ್ಕದಲ್ಲಿ ನಾಲ್ಕು ಜನ ಇರಲಿ.

“ಫೋನ್ ಇಡಿ.”

“ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ...”

“ಇಡಿ ಅಂದೆ.” ಅಕ್ಕನ ದನಿ ಏರಲಿಲ್ಲ. “ಫ್ಯಾನ್ ಓಡ್ತಿತ್ತು.”

ಮೇಡಂ ಬೆರಳು ಫೋನಿನ ಮೇಲೆಯೇ ನಿಂತಿತು.

“ನಾನು ಬಂದಾಗ ಓಡ್ತಿತ್ತು. ನಾನೇ ಆರಿಸಿದ್ದು.”

ಅವಳು ಹೇಳುತ್ತ ಹೋದಳು, ಇನ್ನಾರದೋ ಮನೆಯ ವಿಷಯ ಎಂಬಂತೆ. ಬಾಗಿಲು ತೆಗೆದಾಗಲೇ ಫ್ಯಾನಿನ ಸದ್ದು ಕೇಳಿತ್ತು, ಅದರ ಹಿಂದೆ ನೀರಿನ ಸದ್ದು. ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆ ಇನ್ನೂ ಬೆಚ್ಚಗಿತ್ತು, ಕರಿದ ಎಣ್ಣೆಯ ಘಾಟು ಪೂರ್ತಿ ಹೋಗಿರಲಿಲ್ಲ. ಯಾರು ಬಂದಿದ್ದರು, ಯಾಕೆ ಫ್ಯಾನ್ ಬಿಟ್ಟುಹೋಗಿದ್ದರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹೊಸ ಮನೆಗೆ ಎಣ್ಣೆ ವಾಸನೆ ಹಿಡಿಯಬಾರದು ಎಂದು ಮಗಳಿಗಿಂತ ಹೆಚ್ಚು ಒದ್ದಾಡುವವಳು ಒಬ್ಬಳೇ. ಅಕ್ಕ ಸ್ವಿಚ್ ಆರಿಸಿ ಬಾತ್‌ರೂಮಿಗೆ ಓಡಿದ್ದಳು. ಬಾಗಿಲು ಬಡಿದಿದ್ದಳು. ಒಳಗಿಂದ ನೀರು ಮಾತ್ರ ಉತ್ತರ ಕೊಟ್ಟಿತ್ತು.

“ಅಮ್ಮ,” ಎಂದ ಪರೀಕ್ಷಕ, ತನಗೇ ಕೇಳದಷ್ಟು ಮೆಲ್ಲಗೆ.

“ನನ್ನ ತಂಗಿ ಅವಳ ಭಾವನಿಗೆ ಹೇಳ್ಲಿಲ್ಲ. ನಂಗೆ ಹೇಳಿದ್ಲು. ಅವರಿಗೆ ಹೇಳಿದ್ರೆ ನಗ್ತಾರೆ, ನೀನೇ ಎಲ್ಲರಿಗೂ ಹೇಳಕ್ಕ ಅಂದ್ಲು. ನಾವಿಬ್ಬರೂ ಎಚ್ಚರವಾಗಿದ್ವಿ. ಗಾಳಿಕಿಂಡಿ ಮುಂದಿನ ವಾರ ಕೊರೆಸೋದು ಅಂತಿತ್ತು. ಅಮ್ಮ ಬರೋದು ಅಪರೂಪ, ಬಂದಾಗ ಹೇಳಿದರಾಯ್ತು ಅಂದ್ಕೊಂಡೆ. ನಾನಿಲ್ಲದಾಗ ಬಂದ್ಲು.”

ಮೇಡಂ ನಿಧಾನವಾಗಿ ಕುಳಿತರು. ತಮ್ಮ ಚಿತ್ರದಲ್ಲಿ ಫ್ಯಾನ್ ಆರಿಸಿದ ಕೈ ಇತ್ತು. ಅದು ಆರಿಸಿದ್ದು ಯಾಕೆ ಎಂದು ಅವರು ಒಂದೇ ಕಾರಣ ಊಹಿಸಿದ್ದರು.

“ನಿಮ್ಮ ಯಜಮಾನರು ಎಲ್ಲಿದ್ರು ಹಾಗಾದ್ರೆ?”

“ಎಲ್ಲಿದ್ರು ಅಂತ ಗೊತ್ತಿಲ್ಲ. ತಿಳ್ಕೊಳ್ಳೋ ಆಸೇನೂ ಇಲ್ಲ. ಇಲ್ಲಿರ್ಲಿಲ್ಲ, ಅಷ್ಟು ಗೊತ್ತು.” ಅವಳು ನಕ್ಕಂತೆ ಮಾಡಿದಳು. “ಎಂಥ ಗಂಡನಾದ್ರೂ ಮಾಡದ ಕೊಲೆಗೆ ಕೊಡೋಕಾಗುತ್ತಾ?”

“ಮಾಡದ ತಪ್ಪಿಗೆ ಇವರನ್ನ ಕೊಡ್ತಿದ್ರಲ್ಲ,” ಎಂದರು ಮೇಡಂ.

ಅಕ್ಕ ಪರೀಕ್ಷಕನ ಕಡೆ ನೋಡಿದಳು. ಆ ನೋಟದಲ್ಲಿ ದ್ವೇಷವಿರಲಿಲ್ಲ, ಕ್ಷಮೆಯೂ ಇರಲಿಲ್ಲ.

“ಅಮ್ಮ ಊಟ ಬಿಟ್ಟಿದ್ದಾಳೆ ಮೇಡಂ. ಕೊಂದವನು ಸಿಕ್ಕ ದಿನ ಉಣ್ತೀನಿ ಅಂತಾಳೆ. ಅವಳಿಗೆ ಒಬ್ಬ ಬೇಕು, ಬೈಯೋಕೆ, ಶಾಪ ಹಾಕೋಕೆ. ಆ ಒಬ್ಬ ಅವಳೇ ಅಂತ ಯಾವ ಬಾಯಲ್ಲಿ ಹೇಳ್ಲಿ? ಇನ್ನೊಂದು ಹೆಣ ಎತ್ತೋ ಶಕ್ತಿ ನಂಗಿಲ್ಲ. ಇವರು ನಮಗೆ ಯಾರೂ ಅಲ್ಲ. ಅದಕ್ಕೇ ಇವರು.”

“ಯಾರೂ ಅಲ್ಲ,” ಎಂದು ಪರೀಕ್ಷಕ ಆ ಮಾತನ್ನು ನಾಲಿಗೆಯ ಮೇಲೆ ಇಟ್ಟು ನೋಡಿದ. ಎದ್ದು, ತಾನು ತಂದಿದ್ದ ಏಣಿಯನ್ನು ಮಡಿಸಿದ. ಚೀಲದಲ್ಲಿ ಒಂದೊಂದೇ ಸಾಮಾನು ಇಡತೊಡಗಿದ, ತೇವ ಅಳೆಯುವ ಮೀಟರ್, ಕನ್ನಡಿ, ಸೀಮೆಸುಣ್ಣದ ಡಬ್ಬಿ. ಜಿಪ್ ಎಳೆದ. ಅರ್ಧದಲ್ಲಿ ಅದು ಸಿಕ್ಕಿಕೊಂಡಿತು. ಬಿಡಿಸಲು ಅವನ ಕೈಗೆ ಆಗಲಿಲ್ಲ.

ಗೇಟು ಸದ್ದಾಯಿತು.

ತಾಯಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಠಾಣೆಗೆ ಹೋಗಲು ತಯಾರಾಗಿ ಬಂದಿದ್ದಳು. ತಲೆ ಬಾಚಿ ಬಿಗಿದಿದ್ದಳು, ಕಂಕುಳಲ್ಲಿ ಕೈಚೀಲವಿತ್ತು. ತಿಂಗಳೊಳಗೆ ಅವಳು ಕೊರಳ ಮೂಳೆ ಎದ್ದು ಕಾಣುವಷ್ಟು ಇಳಿದುಹೋಗಿದ್ದಳು. ತೆರೆದ ಕಿಟಕಿಗಳನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು, ಮಗಳನ್ನು ನೋಡಿದಳು. ಕೊನೆಗೆ ಏಣಿ ಹಿಡಿದು ನಿಂತವನ ಮೇಲೆ ಕಣ್ಣು ನೆಟ್ಟಳು.

“ಇವನೇನಾ?”

“ಹೂಂ ಅಮ್ಮ,” ಎಂದಳು ಅಕ್ಕ. ಅವಳ ದನಿ ಒಂದಿಷ್ಟೂ ಅಲುಗಲಿಲ್ಲ.

ತಾಯಿ ಮೇಡಂ ಕಡೆ ತಿರುಗಿದಳು. “ನೀವು ಹೇಳಿ. ಇವಳು ನನ್ನ ಸಮಾಧಾನಕ್ಕೆ ಏನು ಬೇಕಾದ್ರೂ ಹೇಳ್ತಾಳೆ. ನಿಜ ಬೇಕು ಅಂತಾನೇ ನಿಮ್ಮ ಮನೆ ಬಾಗಿಲು ತಟ್ಟಿದ್ದು.”

ಜೀವನವಿಡೀ ಉತ್ತರ ತಪ್ಪಾದರೆ ಕೆಂಪು ಗೆರೆ ಎಳೆದವರು ಲ್ಯಾಬ್ ಮೇಡಂ. ಈಗ ಅವರ ಬಳಿ ಸರಿ ಉತ್ತರವಿತ್ತು, ತಪ್ಪಿಲ್ಲದ್ದು, ಇವತ್ತು ಎಲ್ಲರ ಕಣ್ಣೆದುರು ಸಿದ್ಧವಾದದ್ದು. ಬಾಯಿ ತೆರೆದರು. ಅಕ್ಕನ ಕಣ್ಣುಗಳು ತಮ್ಮ ಮೇಲಿರುವುದು ಗೊತ್ತಾಗುತ್ತಿತ್ತು. 

ಪರೀಕ್ಷಕ ಏಣಿಯನ್ನು ಗೋಡೆಗೆ ಒರಗಿಸಿದ. ತಾಯಿಯ ಎದುರು ಬಂದು ನಿಂತ. ಅವಳಿಗಾಗಿ ಒಂದು ಕುರ್ಚಿ ಎಳೆದು ಹಾಕಿದ.

“ಕೂತ್ಕೊಳ್ಳಿ ಅಮ್ಮ,” ಎಂದ. “ಅವತ್ತು ಏನಾಯ್ತು ಅಂತ ನಾನೇ ಹೇಳ್ತೀನಿ.”